ಮೀಟರಿನೊಳಗಿನ ಜೋಡಿ ನಾಗಪ್ಪ

ಪಂಚಮಿಗೆ ನನ್ನನ್ನು ಕರೆಯಲು ಈ ಸಲ ಯಾರೂ ಬರುವುದು ಬೇಡ, ನಾನೇ ಕಾರು ಹೊಡೆದುಕೊಂಡು ಬರುತ್ತೇನೆ ಎಂದು ತವರು ಚಿಂಚೋಳಿಗೆ ಫೋನು ಮಾಡಿ ಹೇಳಿದವಳು ನಾನೇ. ಹೇಳಿ ಸುಮ್ಮನಿದ್ದಿದ್ದರೆ ನಡೆಯುತ್ತಿತ್ತು. ಆದರೆ ಈ ಜಗದೇವಿಯ ಬಾಯಿ ಸುಮ್ಮನಿರುವ ಬಾಯಿಯೇ? ಸೇಡಂ ಕಡೆಯ ಮುಧೋಳದ ನಮ್ಮ ಓಣಿಯಲ್ಲಿ ನೀರಿಗೆ ನಿಂತವರಿಗೆಲ್ಲ ಹೇಳಿದೆ. ಹಿಟ್ಟಿನ ಗಿರಣಿಯಲ್ಲಿ ಹೇಳಿದೆ. ಸೇಡಂ ಬಸ್ ಸ್ಟ್ಯಾಂಡಿನಲ್ಲಿ ಗುರುತು ಪರಿಚಯ ಇಲ್ಲದ ಒಬ್ಬ ಮುದುಕಿ ಯಾವ ಊರವ್ವಾ ಎಂದು ಕೇಳಿದ್ದೇ ತಡ, ಆಕೆಗೂ ಹೇಳಿದೆ.

ನಮ್ಮ ಕಡೆ ಪಂಚಮಿ ಅಂದರೆ ಹೆಣ್ಣುಮಕ್ಕಳು ತವರಿಗೆ ಹೋಗುವ ಹಬ್ಬ. ಸುಮ್ಮನೆ ಎದ್ದು ಹೋಗುವ ಹಾಗಿಲ್ಲ, ಅಣ್ಣನೋ ತಮ್ಮನೋ ಬಂದು ಕರೆದುಕೊಂಡು ಹೋಗಬೇಕು. ನನ್ನ ತಮ್ಮ ಭೀಮು ಬೈಕಿನ ಮೇಲೆ ಬರುತ್ತಾನೆ, ಮತ್ತು ಯಾವಾಗ ಬರುತ್ತಾನೆಂದು ದೇವರಿಗೂ ತಿಳಿಯದು. ಅಲ್ಲಿಯವರೆಗೆ ನಾನು ಹೊಸ ಸೀರೆ ಉಟ್ಟು, ಚೀಲವನ್ನು ಕಾಲ ಬಳಿ ಇಟ್ಟುಕೊಂಡು, ಕಟ್ಟೆಯ ಮೇಲೆ ಗೊಂಬೆಯ ಹಾಗೆ ಕೂತಿರಬೇಕು. ಹೋಗುವವರು ಬರುವವರು ಎಲ್ಲ 'ಇನ್ನಾ ಕರಿಲಿಕ್ಕ ಬಂದಿಲ್ಲೇನು?' ಎಂದು ಕೇಳುತ್ತಾರೆ. ಲಗ್ನವಾದಾಗಿನಿಂದ ಹೀಗೆ ಕೂತು ಕೂತು ನನಗೆ ರೇಗಿಹೋಗಿತ್ತು. ಈಗ ಅಂಗಳದಲ್ಲಿ ಕಾರಿದೆ, ಇನ್ನು ಕೂರುವವಳು ಯಾರು!

ಕಾರು ತಂದವರು ನಮ್ಮ ಮನೆಯವರು, ರೇವಣಸಿದ್ದ. ಅವರಿಗೆ ವಾಡಿಯಲ್ಲಿ ಸಿಮೆಂಟ್ ಕಾರ್ಖಾನೆಯ ಕೆಲಸ, ವಾರಕ್ಕೊಮ್ಮೆ ಊರಿಗೆ ಬರುತ್ತಾರೆ. ಕಾರು ತರಲು ಗೊತ್ತು, ಹೊಡೆಯಲು ಗೊತ್ತಿಲ್ಲ. ಮೈದುನ ಬೀರೇಶನಿಗೆ ಗೊತ್ತು, ಆದರೆ ಅವನದು ಟ್ರ್ಯಾಕ್ಟರಿನ ಕೈ. ಕಾರಿನಲ್ಲಿ ಕೂತರೂ ಹಿಂದೆ ನೇಗಿಲು ಕಟ್ಟಿದೆ ಎಂದೇ ತಿಳಿದು ಹೊಡೆಯುತ್ತಾನೆ. ಹಾಗಾಗಿ ನಾನೇ ಸೇಡಂಗೆ ಹೋಗಿ ಕಲಿತೆ. ಕಲಿಸಿದವಳು ಅಲ್ಮಾಸ್. ನನಗಿಂತ ಚಿಕ್ಕವಳು, ಕಣ್ಣಿಗೆ ಕಪ್ಪು ಕನ್ನಡಕ, ಬಾಯಲ್ಲಿ ಸದಾ ಒಂದು ಲವಂಗ.

ಒಂದು ದಿನ ಮಳೆ ನಿಂತ ಮೇಲೆ ಅಲ್ಮಾಸ್ ನನ್ನನ್ನು ಖಾಲಿ ಮೈದಾನಕ್ಕೆ ಕರೆದೊಯ್ದು, ಜೋರಾಗಿ ಹೋಗಿ ಗಕ್ಕನೆ ಬ್ರೇಕ್ ಒತ್ತು ಅಂದಳು. ಒತ್ತಿದೆ. ಪೆಡಲು ಕೆಳಗಿನಿಂದ ನನ್ನ ಪಾದವನ್ನು ಗುಡುಗುಡು ಎಂದು ಒದೆಯಿತು! ಯವ್ವಾ ಎಂದು ಚೀರಿ ಕಾಲು ತೆಗೆದುಬಿಟ್ಟೆ.

"ಯಾಕ್ರೀ ಅಕ್ಕಾ, ಕಾಲ ಯಾಕ ತೆಗದ್ರಿ?" ಎಂದು ಅಲ್ಮಾಸ್ ಗದರಿದಳು.

"ಒಳಗ ಏನೋ ಮುರೀಲಿಕತ್ತದವಾ!"

"ಏನೂ ಮುರೀಲಿಕತ್ತಿಲ್ಲ. ಗಾಲಿ ಪೂರಾ ನಿಂತುಬಿಟ್ರ ಗಾಡಿ ಸರ್ರ್ ಅಂತ ಜಾರತದ, ನೀವ ಎಷ್ಟು ತಿರುಗಿಸಿದ್ರೂ ಮಾತ ಕೇಳಂಗಿಲ್ಲ. ಅದಕ್ಕ ಅದು ತಾನೇ ಹಿಡೀತದ, ಬಿಡ್ತದ, ಹಿಡೀತದ, ಬಿಡ್ತದ. ಕಾಲಾಗ ಅದೇ ಗುಡುಗುಡು ಅಂತದ. ಹೆದರಬ್ಯಾಡ್ರಿ. ಒತ್ತಿ ಹಿಡೀರಿ, ಎಲ್ಲಿ ಹೋಗಬೇಕೋ ಅಲ್ಲಿ ನೋಡ್ರಿ, ತಿರುಗಸ್ರಿ."

ಎರಡನೆಯ ಸಲ ಒತ್ತಿ ಹಿಡಿದೆ. ಪಾದದಿಂದ ಹಿಡಿದು ನೆತ್ತಿಯವರೆಗೆ ಗುಡುಗುಡು. ಆದರೆ ಕಾರು ನಾನು ತಿರುಗಿಸಿದ ಕಡೆಗೇ ತಿರುಗಿ ನಿಂತಿತು! ನನಗೆ ನಗು ತಡೆಯಲಾಗಲಿಲ್ಲ. ಮೂರನೆಯ ಸಲ ಬ್ರೇಕ್ ಒತ್ತಿದ್ದು ಬರೀ ಮಜಾಕ್ಕೆ. ಅಲ್ಮಾಸ್ ಲವಂಗ ನುಂಗಿಕೊಂಡು, ಸಾಕು ನಿಲ್ಲಿಸ್ರಿ ಎಂದು ಕೂಗಬೇಕಾಯಿತು.

ಅವಳು ಇನ್ನೊಂದು ಮಾತನ್ನೂ ಹೇಳಿದ್ದಳು. ಮೀಟರಿನಲ್ಲಿ ಒಂದು ಕಾರಿನ ಚಿತ್ರ, ಅದರ ಕೆಳಗೆ ಸೊಟ್ಟ ಸೊಟ್ಟ ಎರಡು ಗೆರೆ ಇರುವ ಹಳದಿ ದೀಪವಿದೆ. ತಿರುಗಿಸಿದ ಕಡೆಗೆ ಹೋಗದೆ ಗಾಡಿ ಜಾರಿದಾಗ ಅದು ಮಿಣುಕಿದರೆ, ಗಾಡಿ ತನ್ನನ್ನು ತಾನೇ ಸಂಭಾಳಿಸಿಕೊಳ್ಳುತ್ತಿದೆ ಎಂದು ತಿಳಿಯಬೇಕು. ಮಿಣುಕಿದರೆ ಒಳ್ಳೆಯದು ಎಂದು ನಾನು ತಲೆಯಲ್ಲಿಟ್ಟುಕೊಂಡೆ. ಹೆಚ್ಚು ಕೇಳಲು ಹೋಗಲಿಲ್ಲ, ಯಾಕೆಂದರೆ ಅವತ್ತು ನನಗೆ ಮೂರನೆಯ ಗೇರ್ ಹಾಕುವ ಹುಚ್ಚು ಹಿಡಿದಿತ್ತು.

ಲೈಸೆನ್ಸ್ ಬಂತು. ಅತ್ತೆಯನ್ನು ಮುಂದಿನ ಸೀಟಿನಲ್ಲಿ ಕೂರಿಸಿಕೊಂಡು ಸೇಡಂ ಸಂತೆಗೆ ಹೊರಟೆ. ನಮ್ಮತ್ತೆ ಸುಂದರಬಾಯಿ ಗಟ್ಟಿ ಹೆಂಗಸು. ಕುರಿ ಹಿಂಡು ಕಾದ ಕಾಲು, ಹತ್ತು ಮಂದಿಯನ್ನು ಒಂದೇ ಮಾತಿಗೆ ಕೂರಿಸುವ ಗಂಟಲು. ಬೀರಪ್ಪ ದೇವರ ಭಂಡಾರದ, ಅಂದರೆ ಪೂಜೆಯ ಅರಿಶಿನದ, ಸಣ್ಣ ಡಬ್ಬಿ ಸೊಂಟದಲ್ಲಿ ಇಲ್ಲದೆ ಅವರು ಹೊಸ್ತಿಲು ದಾಟುವುದಿಲ್ಲ. ಊರ ಹೊರಗೆ ಟ್ರ್ಯಾಕ್ಟರುಗಳು ಹೊಲದಿಂದ ಎರೆಮಣ್ಣನ್ನು ರಸ್ತೆಗೆ ತಂದು ಮೆತ್ತಿದ್ದವು, ಮೇಲೆ ತುಂತುರು ಮಳೆ. ಒಂದು ಕರು ಚಂಗನೆ ರಸ್ತೆಗೆ ಹಾರಿತು. ನಾನು ಎಡಕ್ಕೆ ಎಳೆದೆ, ತಿರುಗಿ ಬಲಕ್ಕೆ ಎಳೆದೆ. ಕಾರಿನ ಹಿಂಭಾಗ ಜಾರತೊಡಗಿತು. ಅಷ್ಟರಲ್ಲಿ ಮೀಟರಿನ ಹಳದಿ ದೀಪ ಮಿಣಮಿಣ ಮಿಣುಕಿತು, ಎಲ್ಲೋ ಒಂದು ಗಾಲಿಯನ್ನು ಯಾರೋ ಕಚ್ಚಿ ಹಿಡಿದ ಹಾಗೆ ಕಟಕಟ ಅಂತು, ಕಾರು ನೆಟ್ಟಗಾಯಿತು. ಕರು ಆ ಕಡೆ, ನಾವು ಈ ಕಡೆ.

ಅತ್ತೆ ಕರುವನ್ನು ನೋಡಲೇ ಇಲ್ಲ. ಅವರ ಕಣ್ಣು ಮೀಟರಿಗೆ ನೆಟ್ಟಿತ್ತು.

"ಯವ್ವಾ ಜಗ್ಗೀ! ಜೋಡಿ ನಾಗಪ್ಪ!"

"ಎಲ್ಲ್ಯದಾನ್ರೀ?"

"ಅಲ್ಲೇ, ಗಾಜಿನಾಗ! ಎರಡೂ ಹೆಡಿ ಕೂಡಸಿ ಬಂದು, ಗಾಡಿ ಎತ್ತಿ ಹಿಡದ, ಮತ್ತ ಹೋದ!"

ಅಂದರೆ ಆ ಎರಡು ಸೊಟ್ಟ ಗೆರೆ. ನಾಗರಕಟ್ಟೆಯ ಕಲ್ಲಿನಲ್ಲಿ ಹೆಣೆದುಕೊಂಡ ಎರಡು ಹಾವು ಕೆತ್ತಿರುತ್ತಾರಲ್ಲ, ಖರೆ ಹೇಳಬೇಕೆಂದರೆ ಹಾಗೇ ಕಾಣುತ್ತದೆ. ಅತ್ತೆಯ ಕಣ್ಣಲ್ಲಿ ನೀರು. ನಾನು ಅದು ಜಾರುವ ಗುರುತು ಎಂದು ಹೇಳಲು ಬಾಯಿ ತೆರೆದೆ, 'ನಿನಗೇನ ತಿಳೀತದ, ಮುಂದ ನೋಡಿ ಹೊಡಿ' ಎಂದು ಮುಚ್ಚಿಸಿದರು. ಅಂದಮೇಲೆ ನಾನ್ಯಾಕೆ ತಲೆ ಕೆಡಿಸಿಕೊಳ್ಳಲಿ? ಕಾಪಾಡಿದ್ದು ಆ ದೀಪದವನೇ ಅಲ್ಲವೇ, ಹೆಸರು ಏನಾದರೂ ಇರಲಿ ಎಂದು ಬಿಟ್ಟೆ.

ಮರುದಿನ ಅತ್ತೆ ಕಾರನ್ನು ಇಂಚಿಂಚು ಹುಡುಕಿದರು. ಸ್ಟೇರಿಂಗಿನ ಪಕ್ಕದಲ್ಲಿ, ಗುಂಡಿಗಳ ಸಾಲಿನಲ್ಲಿ, ಅದೇ ಚಿತ್ರದ ಒಂದು ಗುಂಡಿ ಸಿಕ್ಕಿಬಿಟ್ಟಿತು. ಇನ್ನು ಕೇಳಬೇಕೇ! ಹಾಲೆರೆಯುತ್ತೇನೆ ಎಂದು ಗಿಂಡಿ ತಂದರು. "ಬ್ಯಾಡ್ರೀ ಅತ್ತಿ, ಅದರಾಗ ಕರೆಂಟ್ ಅದ!" ಎಂದು ನಾನು ಅಡ್ಡ ಬಿದ್ದು ಗಿಂಡಿ ಕಸಿದುಕೊಂಡೆ. ಕೊನೆಗೆ ಭಂಡಾರಕ್ಕೆ ಒಪ್ಪಂದವಾಯಿತು. ಕಾರು ಚಾಲೂ ಮಾಡಿದ ಕೂಡಲೇ ಅತ್ತೆ ನನ್ನ ಮೇಲೆ ಬಾಗಿ, ಹೆಬ್ಬೆರಳಿಗೆ ಭಂಡಾರ ಹಚ್ಚಿಕೊಂಡು, ಗುಂಡಿಯ ಮೇಲೆ ಒತ್ತಿ ಹಿಡಿದು, ಪಂಚಮಿಗೆ ಹಾಲು ಹಾಕುವಾಗ ಹೇಳುವ ಹಾಗೆ ಎಲ್ಲರ ಪಾಲು ಹೇಳಬೇಕು. "ದೇವರ ಪಾಲು, ಗುರುವಿನ ಪಾಲು, ಹಿರಿಯರ ಪಾಲು, ರೇವಣಸಿದ್ದನ ಪಾಲು, ಬೀರೇಶನ ಪಾಲು…" ಚಿತ್ತಾಪುರದ ಹಾಸ್ಟೆಲಿನಲ್ಲಿರುವ ನನ್ನ ಮಗಳು ಶೈಲಶ್ರೀಯದು ಆಗಿ, ಕುರಿ ಹಿಂಡಿನದು ಆಗಿ, ಕೊನೆಗೆ ನನ್ನದು. ಕುರಿಯಾದ ಮೇಲೆ ಸೊಸೆ!

ನನ್ನ ಪಾಲು ಬರುವ ಮೊದಲೇ ಮೀಟರಿನಲ್ಲಿ ಟಿಣ್ ಅನ್ನುತ್ತಿತ್ತು, ಹಳದಿ ದೀಪ ಹತ್ತಿ ಹತ್ತಿಯೇ ಇರುತ್ತಿತ್ತು. "ಕಣ್ಣ ಬಿಟ್ಟ ನೋಡು!" ಎಂದು ಅತ್ತೆ ಕೈ ಮುಗಿಯುತ್ತಿದ್ದರು. ಮಿಣುಕಿದರೆ ಒಳ್ಳೆಯದು ಅಂದಮೇಲೆ ಹತ್ತಿಯೇ ಇದ್ದರೆ ಇನ್ನೂ ಒಳ್ಳೆಯದು ಎಂದು ನಾನೂ ಖುಷಿಯಾಗಿಯೇ ಇದ್ದೆ. ಎಂಥ ಬುದ್ಧಿವಂತೆ ನಾನು!

ಈ ವರ್ಷ ಅಧಿಕ ಮಾಸ ಬಂದು ಪಂಚಮಿ ತಡವಾಗಿತ್ತು. ಹಬ್ಬಕ್ಕಿಂತ ಮೊದಲೇ ಹೆಸರು ಕೊಯ್ಲಿಗೆ ಬಂತು. ಹೊಲ ಹಸಿ, ಕಣ ಹಸಿ, ಒಣಗಿದ್ದು ರಸ್ತೆ ಒಂದೇ. ನಮ್ಮೂರಲ್ಲಿ ಹೆಸರಿನ ಗಿಡ ಕಿತ್ತು ಡಾಂಬರಿನ ಮೇಲೆ ಹರವಿಬಿಡುತ್ತಾರೆ; ಬಸ್ಸು, ಲಾರಿ, ಜೀಪು ಮೇಲೆ ಹಾದು ಹಾದು ಒಕ್ಕಣೆ ತಾನೇ ಆಗುತ್ತದೆ. ಗಾಡಿ ಹೊಡೆಯುವವರು ಅದರ ಮೇಲೆಯೇ ಹೊಡೆಯಬೇಕು, ತಪ್ಪಿಸಿ ಬದಿಗೆ ಹೋದರೆ ಸೊಕ್ಕು ಬಂದಿದೆ ಅನ್ನುತ್ತಾರೆ. ಹಣಮಪ್ಪ ಕಾಕಾ ಊರ ಮುಂದಿನ ರಸ್ತೆಯ ತುಂಬ ಹರವಿದ್ದ. ಕಾಯಿ ಒಡೆದು ಕಾಳು ಡಾಂಬರಿನ ಮೇಲೆ ಉರುಳಾಡುತ್ತಿದ್ದವು.

ಅತ್ತೆಯ ಪೂಜೆ ಮುಗಿಸಿಕೊಂಡು ನಾವು ಅದರ ಮೇಲೆ ಬಂದೆವು. ಅಡ್ಡ ಬಂದದ್ದು ಈ ಸಲ ನಾಯಿ. ಎಡಕ್ಕೆ ಎಳೆದೆ, ಬಲಕ್ಕೆ ಎಳೆದೆ, ಅವತ್ತಿನ ಹಾಗೆಯೇ. ದೀಪ ಹತ್ತಿಯೇ ಇತ್ತು, ಆದರೆ ಯಾರೂ ಯಾವ ಗಾಲಿಯನ್ನೂ ಹಿಡಿಯಲಿಲ್ಲ. ಕಾಳಿನ ಮೇಲೆ ಕಾರಿನ ಹಿಂಭಾಗ ಸುಯ್ಯೆಂದು ಮುಂದಕ್ಕೆ ಬಂತು. ಹೊಲ, ಬೇವಿನಮರ, ಹಣಮಪ್ಪ ಕಾಕಾ, ಮತ್ತೆ ಹೊಲ, ಎಲ್ಲ ನನ್ನೆದುರು ಒಂದರ ಹಿಂದೊಂದು ಹಾದವು. ಕಾರು ನಿಂತಾಗ ಮುಖ ಹಿಂದಕ್ಕೆ, ಮುಧೋಳದ ಕಡೆಗಿತ್ತು. ಯಾರಿಗೂ ಏನೂ ಆಗಲಿಲ್ಲ, ನಾಯಿ ಕೂಡ ಬಾಲ ಅಲ್ಲಾಡಿಸುತ್ತ ನಿಂತಿತ್ತು. ಆದರೆ ಊರು ನೋಡಿತು.

"ಹೆಂಗಸರ ಕೈಯಾಗ ಸ್ಟೇರಿಂಗ್ ಕೊಟ್ರ ಹಿಂಗೇ!" ಎಂದು ಹಣಮಪ್ಪ ಕಾಕಾ ಕೋಲು ಹಿಡಿದು ಓಡಿಬಂದ. "ನನ್ನ ಹೆಸರ ಪೂರಾ ಹೊಲಕ್ಕ ಸಿಡೀತಲ್ಲವಾ!" ಅವತ್ತೇ ಅವನು ಹರವಿದ್ದನ್ನೆಲ್ಲ ಬಾಚಿಕೊಂಡು, ಹೊಸ ರಸ್ತೆಯಾದ ಮೇಲೆ ಯಾರೂ ಓಡಾಡದ ಹಳೆಯ ಡಾಂಬರಿನ ತುಂಡಿಗೆ ಒಯ್ದ.

ಮನೆಯಲ್ಲಿ ಅತ್ತೆ ಕೈ ಚಾಚಿದರು. "ಕೀಲಿ ತಾ."

"ಅತ್ತೀ, ನಾಯಿ ಬಂತು…"

"ನಾಗಪ್ಪ ಕಣ್ಣ ಬಿಟ್ಕೊಂಡು ಕುಂತಿದ್ರೂ ಜಾರಿಸಿದಿ ಅಂದ್ರ ನಿನ್ನ ಕೈಗುಣಾನೇ ಸರಿ ಇಲ್ಲ. ಚಿಂಚೋಳಿಗೆ ಬೀರೇಶ ಹೊಡೀತಾನ. ನೀ ಹಿಂದ ಕುಂದ್ರು."

ವಾಡಿಗೆ ಫೋನು ಮಾಡಿದೆ. ನಮ್ಮ ಮನೆಯವರು ಸಮಾಧಾನದ ಸ್ವರದಲ್ಲಿ, "ಹಬ್ಬ ಒಂದು ಮುಗೀಲಿ, ಆಮ್ಯಾಲ ನೋಡೋಣು" ಅಂದರು. ಆ ಆಮೇಲೆ ಯಾವತ್ತೂ ಬರುವುದಿಲ್ಲ ಎಂದು ನನಗೆ ಗೊತ್ತು. ಸಿಟ್ಟಿನಿಂದ ಫೋನು ಇಟ್ಟೆ. ಬೀರೇಶ ಕೀಲಿಯನ್ನು ಬೆರಳಲ್ಲಿ ಗಿರಗಿರ ತಿರುಗಿಸುತ್ತ, "ವೈನಿ, ಹಿಂದಿನ ಸೀಟು ಭಾಳ ಮೆತ್ತಗ ಅದರೀ" ಅಂದ. ಅವನ ಕಿವಿ ಹಿಂಡಬೇಕೆನಿಸಿತು. ಓಣಿಗೆಲ್ಲ ಡಂಗುರ ಹೊಡೆದವಳು ಮೈದುನನ ಹಿಂದೆ ಗಂಟಿನ ಹಾಗೆ ಕೂತು ತವರಿಗೆ ಹೋಗುವುದೇ? ಅದಕ್ಕಿಂತ ಕಟ್ಟೆಯ ಮೇಲೆ ಕಾಯುವುದೇ ವಾಸಿಯಿತ್ತು. ಅವತ್ತು ಅತ್ತುಬಿಟ್ಟೆ, ಹೇಳಲು ನಾಚಿಕೆಯೇನು.

ಪಂಚಮಿಯ ಬೆಳಿಗ್ಗೆ ಹುತ್ತಕ್ಕೆ ಹಾಲು ಹಾಕಿ ಹೊರಟೆವು. ಅತ್ತೆಯೂ ಹೊರಟರು, ಯಾಕೆಂದರೆ ಪಂಚಮಿಯ ದಿನ ತಮ್ಮ ನಾಗಪ್ಪನನ್ನು ಒಬ್ಬನೇ ಕಳಿಸುವುದುಂಟೇ? ತೊಡೆಯ ಮೇಲೆ ಶೇಂಗಾ ಉಂಡಿ, ಎಳ್ಳುಂಡಿ ತುಂಬಿದ ದೊಡ್ಡ ಡಬ್ಬ. ಬೀರೇಶ ಕಾರು ಚಾಲೂ ಮಾಡಿದ. ಮೀಟರಿನ ದೀಪಗಳೆಲ್ಲ ಒಮ್ಮೆ ಹತ್ತಿ ಆರಿದವು. ಮೊದಲ ಸಲ ನಾನು ಹಿಂದೆ ಕೂತಿದ್ದೆ, ಕೈಗೆ ಕೆಲಸವಿಲ್ಲ, ಕಣ್ಣಿಗೆ ಮಾತ್ರ ಕೆಲಸ. ಎರಡು ಸೀಟಿನ ನಡುವಿನಿಂದ ನೋಡಿದೆ. ದೀಪ ಆರಿದೆ. ಅತ್ತೆ ಬಾಗಿ ಹೆಬ್ಬೆರಳು ಒತ್ತಿದರು. ದೇವರ ಪಾಲು, ಗುರುವಿನ ಪಾಲು… ಕುರಿಗಳ ಪಾಲಿಗೆ ಬರುವಷ್ಟರಲ್ಲಿ ಟಿಣ್. ದೀಪ ಹತ್ತಿತು.

ನಾಗಪ್ಪ ತಾನಾಗಿ ಕಣ್ಣು ಬಿಡುತ್ತಿಲ್ಲ. ಅತ್ತೆಯ ಬೆರಳು ಬಿಡಿಸುತ್ತಿದೆ!

ಕರು ಬಂದ ದಿನ ಅತ್ತೆ ಗುಂಡಿ ಒತ್ತಿರಲಿಲ್ಲ, ಗುಂಡಿ ಇದೆಯೆಂದೇ ಅವತ್ತು ಗೊತ್ತಿರಲಿಲ್ಲ. ಅವತ್ತು ದೀಪ ಮಿಣುಕಿತ್ತು, ಕಾರು ಉಳಿದಿತ್ತು. ನಾಯಿ ಬಂದ ದಿನ ಒತ್ತಿದ್ದರು, ದೀಪ ಉರಿಯುತ್ತಲೇ ಇತ್ತು, ಕಾರು ತಿರುಗಿತ್ತು. ಮುಂದಕ್ಕೆ ಬಾಗಿ ಉಗುರಿನಿಂದ ಗುಂಡಿಯ ಮೇಲಿನ ಭಂಡಾರ ಕೆರೆದೆ. ಅಡಿಯಲ್ಲಿ ಆಫ್ ಎಂಬ ಅಕ್ಷರಗಳು ನನ್ನನ್ನೇ ನೋಡುತ್ತಿದ್ದವು.

"ಏಯ್, ಏನ್ ಮಾಡಲಿಕತ್ತಿ?" ಎಂದು ಅತ್ತೆ ನನ್ನ ಕೈಗೆ ಹೊಡೆದರು. ಕಾರು ಹೊರಟಿತು.

ಸುಳ್ಳು ಯಾಕೆ ಹೇಳಲಿ, ಆ ಗಳಿಗೆ ನನ್ನೊಳಗೆ ಒಂದು ಕೆಟ್ಟ ಕುಣಿತ ಶುರುವಾಯಿತು. ಸುಮ್ಮನಿದ್ದುಬಿಡು ಜಗದೇವಿ! ಎಲ್ಲಾದರೂ ಬೀರೇಶನೇ ಜಾರುತ್ತಾನೆ, ಅವನದೇ ಕೈಗುಣ ಕೆಡುತ್ತದೆ, ಕೀಲಿ ತಾನಾಗಿ ನಿನ್ನ ಕೈಗೆ ಬರುತ್ತದೆ! ಮುಂದೆ ಅತ್ತೆಯ ತುರುಬು ಕಂಡಿತು, ಅದಕ್ಕೆ ಮುಡಿದ ಚೆಂಡುಹೂವು ಕಂಡಿತು. ಚಿಂಚೋಳಿಯ ದಾರಿಯ ತಿರುವುಗಳು, ಅಲ್ಲಿ ಎದುರಿಗೆ ಬರುವ ಸಿಮೆಂಟ್ ಲಾರಿಗಳು ನೆನಪಾದವು. ಕುಣಿತ ಅಲ್ಲೇ ನಿಂತಿತು.

"ಬೀರೇಶಾ, ನಿಂದ್ರಸು! ಈಗಿಂದೀಗ ನಿಂದ್ರಸು!"

ನಿಲ್ಲಿಸಿದ. ನಾನು ಒಂದೇ ಉಸಿರಿಗೆ ಎಲ್ಲ ಹೇಳಿದೆ. ಅತ್ತೆ ಕೇಳಿದರು, ಕೇಳಿ ನನ್ನನ್ನು ಮೇಲಿಂದ ಕೆಳಗೆ ನೋಡಿದರು. "ಅಂದ್ರ ನಾ ಪೂಜಿ ಮಾಡಿದ್ದಕ್ಕ ಗಾಡಿ ಜಾರ್ತು ಅಂತೀ? ಹಬ್ಬದ ದಿನ?"

"ಪೂಜಿಗಲ್ರೀ ಅತ್ತಿ, ಒತ್ತಿದ್ದಕ್ಕ!"

"ಕೀಲಿ ಸಲುವಾಗಿ ಏನರ ಅಂತಾಳ ಬಿಡು ಯವ್ವಾ" ಅಂದ ಬೀರೇಶ.

ನನಗೆ ರೇಗಿತು. "ಹಂಗಾರ ನಡಿ ಹಣಮಪ್ಪ ಕಾಕಾನ ಹೆಸರಿನ ಮ್ಯಾಲ! ನೀನೇ ಹೊಡಿ! ಒಮ್ಮೆ ಅತ್ತಿ ಒತ್ತಿದ ಮ್ಯಾಲ, ಒಮ್ಮೆ ಒತ್ತಲಾರದ. ನಾ ಸುಳ್ಳಾದ್ರ ಜನ್ಮದಾಗ ಕೀಲಿ ಮುಟ್ಟಂಗಿಲ್ಲ!"

ಹಳೆಯ ರಸ್ತೆಯಲ್ಲಿ ಹಣಮಪ್ಪ ಕಾಕಾ ಇನ್ನೊಂದು ಬೇವಿನಮರದ ಕೆಳಗೆ ಹೆಸರಿಗೆ ಕಾವಲು ಕೂತಿದ್ದ. ಓಡಾಡುವ ಗಾಡಿಯಿಲ್ಲದೆ ಅವನ ಒಕ್ಕಣೆ ನಿಂತುಹೋಗಿತ್ತು. ನಾವು ಕಾರು ಹೊಡೆಯುತ್ತೇವೆ ಅಂದದ್ದೇ ತಡ, ಬೈದದ್ದೆಲ್ಲ ಮರೆತು ಕೈಕಟ್ಟಿ ಬದಿಗೆ ನಿಂತ. "ಬರ್ರಿ, ಬರ್ರಿ! ಉದ್ದಕ್ಕೂ ಹೊಡೀರಿ, ಅಡ್ಡಕ್ಕೂ ಹೊಡೀರಿ!"

ಅತ್ತೆಯ ಪೂಜೆ ಆಗಿಯೇ ಇತ್ತು, ದೀಪ ಉರಿಯುತ್ತಿತ್ತು. ನಾನು ಇಳಿಯಿರಿ ಅಂದೆ, ಅವರು ಇಳಿಯಲಿಲ್ಲ. ನಾಗಪ್ಪನನ್ನು ಬಿಟ್ಟು ಇಳಿಯುವುದಿಲ್ಲವಂತೆ. ಬೆಲ್ಟು ಬಿಗಿದೆ, ನಾನೂ ಹಿಂದೆ ಬಿಗಿದುಕೊಂಡೆ. ಬೀರೇಶ ಹೊಡೆದ, ಎಡಕ್ಕೆ ಎಳೆದ, ಬಲಕ್ಕೆ ಎಳೆದ. ಸುಯ್! ಬೇವಿನಮರ ಹೋಯಿತು, ಕಾಕಾ ಹೋದ, ಬೇವಿನಮರ ಮತ್ತೆ ಬಂತು. ಉಂಡಿಯ ಡಬ್ಬದ ಮುಚ್ಚಳ ಹಾರಿ ಉಂಡಿಗಳು ಕಾರಿನ ತುಂಬ ಪುಟಿದಾಡಿದವು. ಒಂದು ನನ್ನ ಕುಪ್ಪಸದೊಳಗೆ ಬಿತ್ತು. ಕಾರು ಬಂದ ಕಡೆಗೇ ಮುಖ ಮಾಡಿ ನಿಂತಿತು. ಬೀರೇಶನ ಬಾಯಿ ತೆರೆದದ್ದು ತೆರೆದೇ ಇತ್ತು.

ಅತ್ತೆ ಹೆದರಿದರೇನೋ ಎಂದು ಬಗ್ಗಿ ನೋಡಿದೆ. ಅವರ ಭುಜ ಅಲುಗುತ್ತಿತ್ತು. ನಗುತ್ತಿದ್ದರು! ಕಣ್ಣೀರು ಬರುವ ಹಾಗೆ, ಉಸಿರು ಸಿಗದ ಹಾಗೆ ನಗುತ್ತಿದ್ದರು.

"ಜೋಕಾಲಿ ಜೀಕಿದಂಗಾತಲ್ಲೋ!" ಅಂದರು. "ಹೊಟ್ಟಿಯೊಳಗ ಜುಮ್ ಅಂತು!"

"ಈಗ ಕೀಲಿ ತಿರುವಿ ಬಂದ್ ಮಾಡು, ಮತ್ತ ಚಾಲೂ ಮಾಡು" ಅಂದೆ ಬೀರೇಶನಿಗೆ. "ಅತ್ತಿ, ಕೈ ಮಡಚಿ ಕುಂದ್ರಿ." ದೀಪಗಳು ಹತ್ತಿ ಆರಿದವು, ಹಳದಿಯದೂ ಆರಿತು. ಅದೇ ದಾರಿ, ಅದೇ ಕಾಳು, ಅದೇ ಎಳೆತ. ಹಿಂಭಾಗ ಜಾರಲು ಹೊರಟಿತು, ದೀಪ ಮಿಣಮಿಣ ಮಿಣುಕಿತು, ಕಟಕಟ ಎಂದು ಒಂದು ಗಾಲಿ ಕಚ್ಚಿ ಹಿಡಿಯಿತು, ಕಾರು ಮೂಗು ಮುಂದೆ ಮಾಡಿಕೊಂಡು ಹಾಗೇ ನಡೆಯಿತು. ಬೀರೇಶ ನಿಲ್ಲಿಸಿ ಹಣೆ ಬಡಿದುಕೊಂಡ.

"ಇದು ನಮ್ಮ ಟ್ರ್ಯಾಕ್ಟರಿನ ಜೋಡಿ ಬ್ರೇಕ್ ಇದ್ದಂಗ ಅದಲ್ರೀ ವೈನಿ! ಹೊಲದ ಕಡೀಗೆ ತಿರುವಬೇಕಾದ್ರ ನಾವ ಎಡಗಾಲಿ ಒಂದೇ ಹಿಡೀತೀವಲ್ಲ, ಗಾಡಿ ಅದರ ಸುತ್ತ ತಿರುಗ್ತದಲ್ಲ, ಇದು ತಾನೇ ನೋಡಿ ಯಾವ ಗಾಲಿ ಬೇಕೋ ಅದನ್ನ ಹಿಡೀಲಿಕತ್ತದ!"

"ಹೌದಪ್ಪಾ. ನೀ ಯಾವ ಕಡಿ ತಿರುಗಿಸಿದಿ, ಗಾಡಿ ಯಾವ ಕಡಿ ಹೊಂಟದ, ಎರಡೂ ನೋಡ್ತದ. ತಾಳ ತಪ್ಪಿದ್ರ ಒಂದು ಗಾಲಿ ಹಿಡದು ನೆಟ್ಟಗ ಮಾಡ್ತದ. ಅತ್ತಿ ಒತ್ತಿದ್ರ ಅದು ಮಲಗಿಬಿಡ್ತದ."

ಅತ್ತೆಯ ನಗು ನಿಂತಿತು. ನನಗೆ ಭಯವಾಯಿತು. ಅವರ ದೇವರನ್ನು ಹಬ್ಬದ ದಿನವೇ ಕೆಡವಿಬಿಟ್ಟೆನೇನೋ! ಅವರು ಸೆರಗಿನಿಂದ ಗುಂಡಿಯ ಮೇಲಿನ ಭಂಡಾರ ಒರೆಸಿದರು.

"ಅಲ್ಲ, ದಿನಾ ಮುಂಜಾನಿ ಕಣ್ಣಾಗ ಹೆಬ್ಬೆಟ್ಟ ಇಟ್ಟು ಒತ್ತಿದ್ರ ಪಾಪ ಅವನರ ಏನ್ ಮಾಡ್ಯಾನು?" ಅಂದರು. "ಮುನಿಸಿಕೊಂಡು ಕುಂತಿದ್ದ. ಜಗ್ಗೀ, ಮೊದಲೇ ಹೇಳಬಾರದಿತ್ತೇನು?" ಭಂಡಾರದ ಬೊಟ್ಟನ್ನು ಗುಂಡಿಯ ಪಕ್ಕದಲ್ಲಿ, ಏನೂ ಇಲ್ಲದ ಜಾಗದಲ್ಲಿ ಇಟ್ಟರು. ಆಮೇಲೆ ಬೀರೇಶನ ಕಡೆ ತಿರುಗಿ, "ಇಳಿ. ಇನ್ನೊಂದು ಸಲ ಒತ್ತತೀನಿ, ಜಗ್ಗಿ ತಿರುಗಸಲಿ. ನೀ ತಿರುಗಿಸಿದ್ದು ಸಣ್ಣದಾತು" ಅಂದರು.

ಎಷ್ಟು ಸಲ ತಿರುಗಿದೆವೋ ಲೆಕ್ಕವಿಟ್ಟವರಿಲ್ಲ. ಒಂದು ಸಲ ಒತ್ತಿ, ಒಂದು ಸಲ ಬಿಟ್ಟು. ಒಂದು ಸಲ ಸುಯ್, ಒಂದು ಸಲ ಕಟಕಟ. ಅತ್ತೆ "ಹೋ!" ಎಂದು ಕೂಗುತ್ತಾರೆ, ನಾನು ಕೂಗುತ್ತೇನೆ, ಹೊರಗೆ ಹಣಮಪ್ಪ ಕಾಕಾ ಟೋಪಿ ಬೀಸುತ್ತ, "ಆ ಮೂಲಿಯಾಗ ಇನ್ನಾ ಕಾಯಿ ಒಡದಿಲ್ಲವಾ, ಅಲ್ಲೊಂದು ಸುತ್ತ ಹಾಕು!" ಎಂದು ಒದರುತ್ತಾನೆ. ಅವನ ಒಕ್ಕಣೆ ಮುಗಿದ ಮೇಲೆಯೇ ನಮ್ಮ ಆಟ ಮುಗಿದದ್ದು. ಬೀರೇಶ ತಾನಾಗಿಯೇ ಹಿಂದಿನ ಸೀಟಿಗೆ ಹೋಗಿ ಕೂತು, ಸಂದಿಯಲ್ಲಿ ಸಿಕ್ಕ ಉಂಡಿಗಳನ್ನು ಒರೆಸಿ ಒರೆಸಿ ತಿನ್ನತೊಡಗಿದ. ಕೀಲಿಯ ಮಾತನ್ನು ಯಾರೂ ಎತ್ತಲಿಲ್ಲ, ಅದು ಕಾರಿನಲ್ಲೇ ಇತ್ತು, ನಾನು ಅದರ ಮುಂದೆ ಇದ್ದೆ.

ಚಿಂಚೋಳಿಯವರೆಗೆ ಹಾಡಿಕೊಂಡು ಹೊಡೆದೆ. ಖರೆ, ಹಾಡಿಕೊಂಡು! ಒಂದು ತಿರುವಿನಲ್ಲಿ ಲಾರಿ ಎದುರಾಯಿತು. ಬ್ರೇಕ್ ಒತ್ತಿದೆ, ಕಾಲಿನಲ್ಲಿ ಗುಡುಗುಡು, ಒತ್ತಿಯೇ ಹಿಡಿದು ಪಕ್ಕಕ್ಕೆ ತಿರುಗಿಸಿದೆ, ಲಾರಿ ಹೋಯಿತು. ಅತ್ತೆ ಕಣ್ಣು ಮುಚ್ಚಲಿಲ್ಲ. "ಶಾಭಾಸ್" ಅಂದರು, ಅಷ್ಟೇ. ಅವರ ಬಾಯಿಂದ ಆ ಮಾತು ಇಷ್ಟು ವರ್ಷದಲ್ಲಿ ನಾನು ಕೇಳಿದ್ದು ಅದೇ ಮೊದಲು. ಆಮೇಲೆ ಹಾಡು ಇನ್ನೂ ಜೋರಾಯಿತು.

ತವರಿನ ಓಣಿಯಲ್ಲಿ ಬೇಕೆಂದೇ ಹಾರ್ನ್ ಹೊಡೆಯುತ್ತ ಹೋದೆ. ಹೆಂಗಸರೆಲ್ಲ ಬಾಗಿಲಿಗೆ ಬಂದರು. ಭೀಮು ಓಡಿಬಂದು ಕಾರಿನ ಸುತ್ತ ಒಂದು ಸುತ್ತು ಹಾಕಿದ, ಅವನ ಹೆಂಡತಿ ಪ್ರೀತಿ ಚೊಂಬಿನಲ್ಲಿ ನೀರು ತಂದಳು. "ಯಾರ್ ಕರಕೊಂಡು ಬಂದ್ರವಾ?" ಎಂದು ಎದುರು ಮನೆಯ ಶಿವಕಾಂತಮ್ಮ ಕೇಳಿದಳು. "ನಾನೇ ಬಂದೀನಿ!" ಎಂದು ಓಣಿಯ ಆ ತುದಿಗೆ ಕೇಳುವ ಹಾಗೆ ಹೇಳಿದೆ. ಅಂಗಳದ ಬೇವಿನಮರಕ್ಕೆ ಜೋಕಾಲಿ ಕಟ್ಟಿದ್ದರು. ಖುಷಿಗೆ ಕಾಲು ನೆಲದ ಮೇಲೆ ನಿಲ್ಲುತ್ತಿರಲಿಲ್ಲ.

ತಿರುಗಿ ನೋಡಿದರೆ ಅತ್ತೆ ಇಳಿದಿಲ್ಲ. ಬೆಲ್ಟು ಬಿಗಿದುಕೊಂಡು, ಖಾಲಿಯಾದ ಡಬ್ಬವನ್ನು ತೊಡೆಯ ಮೇಲಿಟ್ಟುಕೊಂಡು, ಜೋಕಾಲಿಯನ್ನು ನೋಡುತ್ತ ಕೂತಿದ್ದಾರೆ.

ಹತ್ತಿರ ಹೋಗಿ, "ಇಳೀರಿ ಅತ್ತಿ" ಅಂದೆ.

"ಜಗ್ಗೀ, ಇಲ್ಲಿಂದ ಶಹಾಬಾದ ಎಷ್ಟ ದೂರ ಆಗ್ತದ?"

ಶಹಾಬಾದಿನ ಹತ್ತಿರ, ಕಾಗಿಣಾ ಹೊಳೆಯ ದಂಡೆಯ ಮೇಲೆ ಒಂದು ಸಣ್ಣ ಊರು, ಅತ್ತೆಯ ತವರು. ನಾನು ಒಮ್ಮೆಯೂ ನೋಡಿಲ್ಲ. ನಾನು ಸೊಸೆಯಾಗಿ ಬಂದ ಮೇಲೆ ಅವರು ಹೋದದ್ದನ್ನೂ ನೋಡಿಲ್ಲ. ಯಾಕೆ ಹೋಗುವುದಿಲ್ಲ ಎಂದು ನಾನು ಕೇಳಿದವಳಲ್ಲ.

"ಯಾಕ್ರೀ?"

"ನಮ್ಮಣ್ಣ ಹೋದ ಮ್ಯಾಲ ಕರಿಲಿಕ್ಕ ಬರೋರು ಯಾರೂ ಉಳೀಲಿಲ್ಲ" ಅಂದರು. "ಯಾರೂ ಬರಲಿಲ್ಲ ಅಂದ್ರ ಹೋಗೂದಲ್ಲ ಅಂತ ನಾನೂ ಕುಂತೆ. ಇವತ್ತ ನೀ ಹೊಡಕೊಂಡು ಬಂದಿ ನೋಡು, ಆಗ ಅನಸ್ತು. ಅಲ್ಲಿ ಮನಿ ಬಿದ್ದುಹೋಗ್ಯದ ಅಂತಾರ. ಬೀಳಲಿ ಬಿಡು. ಹೊಳಿ ಅಂತೂ ಅದಲ್ಲ."

ವರ್ಷಕ್ಕೊಂದು ಹಗಲು ಕಟ್ಟೆಯ ಮೇಲೆ ಕೂತಿದ್ದಕ್ಕೆ ಊರೆಲ್ಲ ರಂಪ ಮಾಡಿದವಳು ನಾನು. ಉಣ್ಣಲು ಬನ್ನಿ ಎಂದು ಪ್ರೀತಿ ಒಳಗಿನಿಂದ ಕೂಗಿದಳು, ಬೀರೇಶ ಇಳಿದು ಜೋಕಾಲಿಯ ಕಡೆ ನಡೆದಿದ್ದ. ನಾನು ಅತ್ತೆಯ ಬಾಗಿಲು ತೆರೆದು, ಸೆರಗು ತಲೆಗೆ ಎಳೆದುಕೊಂಡು, ನೆಟ್ಟಗೆ ನಿಂತೆ.

"ಪಂಚಮಿಗೆ ಕರಿಲಿಕ್ಕ ಬಂದೀನ್ರಿ. ನಡೀರಿ, ಊರಿಗೆ ಹೋಗೋಣು."

ಅತ್ತೆ ನನ್ನ ಮುಖವನ್ನು ನೋಡಿದರು. ಕಣ್ಣೊರೆಸಿಕೊಂಡು, ಸೀರೆಯ ನೆರಿಗೆ ಸರಿಮಾಡಿಕೊಂಡು, ತಂಗಿಯರೆಲ್ಲ ಅಣ್ಣನ ಮೇಲೆ ಹುಸಿಮುನಿಸು ತೋರಿಸುವ ಹಾಗೆ ಮೋರೆ ಊದಿಸಿದರು.

"ಇಷ್ಟ ತಡಾ ಯಾಕ ಮಾಡಿದಿ?" ಅಂದರು.